ವಾಗ್ದಾನದ ಕಾರ್ಡಿನಿಂದ ಇಡೀ ಅಧ್ಯಾಯಕ್ಕೆ

ಹೊಸ ವರ್ಷದ ಮಧ್ಯರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ವಾಗ್ದಾನದ ಕಾರ್ಡುಗಳ ತಟ್ಟೆಯನ್ನು ಎಲ್ಲರ ಮುಂದೆ ಹಿಡಿಯುವ ರೂಢಿಯಿದೆ. ಕಣ್ಣುಮುಚ್ಚಿ ಎತ್ತಿಕೊಂಡ ಕಾರ್ಡಿನಲ್ಲಿರುವ ವಚನವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತೆಂದು ನಂಬುತ್ತೇವೆ. ನಾನು ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ ವರ್ಷ ನನ್ನ ಕೈಗೆ ಬಂದದ್ದು ಸತ್ಯವೇದದ ಯೆರೆಮೀಯ 29:11. ದೇವರ ಆಲೋಚನೆಗಳು ನಮ್ಮ ಕೇಡಿಗಲ್ಲ, ಹಿತಕ್ಕೇ ಎಂದು ಹೇಳುವ ಆ ವಚನವನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿ, ಮುಂದಿನ ತಿಂಗಳೇ ಕೆಲಸ ಸಿಕ್ಕಿಬಿಡುತ್ತದೆ ಎಂದುಕೊಂಡೆ. ಮಳೆಗಾಲ ಬಂದರೂ ಸಿಗಲಿಲ್ಲ. ಆಮೇಲೆ ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟೆ.

ಒಂದು ಬೆಳಿಗ್ಗೆ, ಭಕ್ತಿಗಿಂತ ಹೆಚ್ಚಾಗಿ ಸಿಟ್ಟಿನಿಂದಲೇ, ಆ ವಚನದ ಹಿಂದುಮುಂದೆ ಏನಿದೆಯೆಂದು ನೋಡಲು 28 ಮತ್ತು 29ನೆಯ ಅಧ್ಯಾಯಗಳನ್ನು ಪೂರ್ತಿ ಓದಿದೆ. 29ನೆಯದು ಅರಸ ನೆಬೂಕದ್ನೆಚ್ಚರನು ಬಾಬೆಲಿಗೆ ಸೆರೆ ಒಯ್ದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಹನನ್ಯನೆಂಬ ಸುಳ್ಳು ಪ್ರವಾದಿ 28ರಲ್ಲಿ ಜನರ ಮುಂದೆ ಸಾರಿದ್ದನು. ಯೆರೆಮೀಯನಾದರೋ 70 ವರ್ಷ ಎನ್ನುತ್ತಾನೆ. ಅಲ್ಲಿಯೇ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಸೆರೆಯಾಗಿ ಬಂದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ. ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಿಡುಗಡೆಯನ್ನು ಕಾಣುವಷ್ಟು ಕಾಲ ಬದುಕಿರಲಾರರು. ಹನ್ನೊಂದನೆಯ ವಚನವು ಆ 70 ವರ್ಷದ ಮಾತಿರುವ ಹತ್ತನೆಯದರ ಬೆನ್ನಿಗೇ ಬರುತ್ತದೆ, ಆದರೆ ಹತ್ತನೆಯದನ್ನು ಕಾರ್ಡಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಆರು ತಿಂಗಳು ನಾನು ಯೆರೆಮೀಯನ ಮಾತನ್ನು ಗೋಡೆಗೆ ಅಂಟಿಸಿಕೊಂಡು ಹನನ್ಯನನ್ನು ನಂಬಿದ್ದೆ.

ಅಂದಿನಿಂದ ನನ್ನ ಓದಿನ ಕ್ರಮ ಬದಲಾಯಿತು. ಮೊದಲು ಎರಡು ಬಾರಿ ಒಂದೇ ವರ್ಷದಲ್ಲಿ ಸತ್ಯವೇದ ಮುಗಿಸಲು ಹೊರಟು ಸೋತಿದ್ದೆ. 1189 ಅಧ್ಯಾಯಗಳೆಂದರೆ ದಿನಕ್ಕೆ ಮೂರು ನಾಲ್ಕು. ಎರಡೂ ಸಲ ಯಾಜಕಕಾಂಡದಲ್ಲಿ ಕಾಲು ಹೂತುಹೋಗಿತ್ತು. ಈಗ ಬೆಳಿಗ್ಗೆ ಒಂದೇ ಅಧ್ಯಾಯ, ರಾತ್ರಿ ಒಂದು ಕೀರ್ತನೆ. ಇನ್ನೂರು ಪುಟದ ಬರಹದ ಪುಸ್ತಕದಲ್ಲಿ ಮೊದಲು ಅಧ್ಯಾಯವು ಏನು ಹೇಳುತ್ತದೆ ಎಂಬುದನ್ನು ಎರಡು ಸಾಲಿನಲ್ಲಿಯೂ, ಅದರ ಕೆಳಗೆ ನನಗೆ ತಟ್ಟಿದ್ದನ್ನು ಒಂದು ಸಾಲಿನಲ್ಲಿಯೂ ಬರೆಯುತ್ತೇನೆ. ಹೀಗೆ ಓದಿದರೆ ಇಡೀ ಗ್ರಂಥಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ, ಹಿಡಿಯಲಿ.

ಎರಡು ಸಲ ನನ್ನನ್ನು ಸೋಲಿಸಿದ ಯಾಜಕಕಾಂಡವೇ ನನಗೆ ಮರೆಯಲಾಗದ ಬೆಳಗನ್ನೂ ಕೊಟ್ಟಿತು. ನಾನು ಹುಟ್ಟಿದ್ದು ಗದಗಿನ ಕಡೆಯ ಹಳ್ಳಿಯಲ್ಲಿ. ಶೇಂಗಾ ಕಿತ್ತು ಮುಗಿದ ಮೇಲೆ ಅವ್ವ ನಮ್ಮನ್ನು ಕರೆದುಕೊಂಡು ಬೇರೆಯವರ ಹೊಲಕ್ಕೆ ಹಕ್ಕಲು ಆಯಲು ಹೋಗುತ್ತಿದ್ದಳು. ಮಣ್ಣು ಕೆದರಿ, ಉಳಿದ ಕಾಯಿಗಳನ್ನು ಒಂದೊಂದಾಗಿ ಉಡಿಗೆ ಹಾಕಿಕೊಳ್ಳುವ ಆ ಕೆಲಸವನ್ನು ಶಾಲೆಯ ಗೆಳೆಯರು ನೋಡಿಯಾರೆಂದು ನಾನು ಬದುವಿನ ಮರೆಗೆ ಕೂಡುತ್ತಿದ್ದೆ. ಸತ್ಯವೇದದ ರೂತಳೂ ಹಕ್ಕಲಾಯಲು ಹೋದವಳೆಂದು ಸಂಡೇ ಸ್ಕೂಲಿನಲ್ಲಿ ಕೇಳಿದ್ದೆನಾದರೂ ಅದನ್ನು ಆ ಹೊಲದ ಒಡೆಯ ಬೋವಜನ ಒಳ್ಳೆಯತನದ ಕಥೆಯೆಂದೇ ತಿಳಿದಿದ್ದೆ. ಯಾಜಕಕಾಂಡ 19ರಲ್ಲಿ ಬೇರೆಯೇ ಮಾತಿತ್ತು: ಹೊಲದ ಅಂಚಿನವರೆಗೆ ಕೊಯ್ಯಬಾರದು, ಹಕ್ಕಲನ್ನು ಆರಿಸಿಕೊಳ್ಳಬಾರದು, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಅದು ಒಡೆಯನ ದಯೆಗೆ ಬಿಟ್ಟದ್ದಲ್ಲ, ಅವನ ಮೇಲಿರುವ ಆಜ್ಞೆ. ಮೋವಾಬ್ ದೇಶದಿಂದ ಬಂದ ಪರದೇಶಿ ರೂತಳು ಸಂಜೆ ಬಡಿದು ಅಳೆದ, ಏಫಾ ಎಂಬ ಅಳತೆಯಲ್ಲಿ ಸುಮಾರು ಒಂದರಷ್ಟು ಜವೆಗೋದಿ ಭಿಕ್ಷೆಯಾಗಿರಲಿಲ್ಲ. ಅವ್ವನ ಉಡಿಯಲ್ಲಿದ್ದದ್ದೂ ಅಲ್ಲ. ಈ ಮಾತನ್ನು ಹೇಳೋಣವೆಂದರೆ ಅವ್ವ ಈಗಿಲ್ಲ.

ಪುಸ್ತಕ ಬರೆಯುವುದರಲ್ಲಿಯೂ ಎಡವಿದ್ದುಂಟು. ಒಂದು ವರ್ಷ ಕಳೆದು ಹಳೆಯ ಪುಟಗಳನ್ನು ತಿರುವಿದಾಗ, ನನಗೆ ತಟ್ಟಿದ್ದನ್ನು ಬರೆಯಬೇಕಾದ ಸಾಲುಗಳಲ್ಲಿ ತುಂಬಿದ್ದವರು ಬೇರೆಯವರೇ: ಜ್ಞಾನೋಕ್ತಿಯ ಮೂಢನ ಎದುರಿಗೆ ತಮ್ಮ, ತೋರಿಕೆಯ ಭಕ್ತಿಗಾಗಿ ಯೇಸು ಗದರಿಸಿದ ಫರಿಸಾಯರ ಎದುರಿಗೆ ಸಭೆಯ ಹಿರಿಯರೊಬ್ಬರು, ಬೇರೆಯವರ ಕಣ್ಣಿನ ರವೆಯನ್ನು ಕುರಿತ ಮತ್ತಾಯ 7ರ ಎದುರಿಗೂ ಪಕ್ಕದ ಮನೆಯವರು! ಅಂದಿನಿಂದ ಕೆಳಗಿನ ಸಾಲು 'ನಾನು' ಎಂಬ ಮಾತಿನಿಂದಲೇ ಆರಂಭವಾಗಬೇಕೆಂದು ನೇಮ ಹಾಕಿಕೊಂಡೆ. ಮೊದಲ ವಾರ ಒಂದು ಸಾಲು ಬರೆಯಲು ಇಪ್ಪತ್ತು ನಿಮಿಷ ಬೇಕಾಯಿತು.

ಬರೆಯಲಾಗದೆ ಬಿಟ್ಟ ಜಾಗವೂ ಒಂದಿದೆ. ರಾತ್ರಿಯ ಓದು ವರ್ಷಕ್ಕೆ ಎರಡು ಸಲವಾದರೂ 137ನೆಯ ಕೀರ್ತನೆಗೆ ಬರುತ್ತದೆ. ಬಾಬೆಲಿನ ನದಿಗಳ ಬಳಿ ಕುಳಿತು ಅಳುವ ಅದೇ ಸೆರೆಯವರು ಕೊನೆಯ ವಚನದಲ್ಲಿ ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆನ್ನುತ್ತಾರೆ. ಆ ಪಟ್ಟಣಕ್ಕಾಗಿ ಪ್ರಾರ್ಥಿಸಿರಿ ಎಂಬ ಪತ್ರ ಹೋದದ್ದು ಇಂಥ ಜನರಿಗೇ. ಅಧ್ಯಾಯವು ಏನು ಹೇಳುತ್ತದೆ ಎಂಬ ಎರಡು ಸಾಲುಗಳನ್ನು ಪ್ರತಿ ಸಲವೂ ಬರೆದಿದ್ದೇನೆ. ಅದರ ಕೆಳಗೆ 'ನಾನು' ಎಂದಷ್ಟೇ ಇದೆ.