ಹೊಳಿ ನೀರಾಗ ನಿಂತ ಗಾಡಿ: ರಿಪೇರಿನಾ, ಟೋಟಲ್ ಲಾಸಾ? ನನ್ನ ಅನುಭವ

2020ರ ಅಕ್ಟೋಬರ್‌ದಾಗ ಭೀಮಾ ಹೊಳಿ ಬಂದಾಗ ನಮ್ಮ ಡೀಸೆಲ್ ಡಿಸೈರ್ ಅಫಜಲಪುರ ತಾಲೂಕಿನ್ಯಾಗ ನಮ್ಮಕ್ಕನ ಮನಿ ಮುಂದ ನಿಂತಿತ್ತು. ಆ ಕಡಿ ಮಹಾರಾಷ್ಟ್ರದಾಗ ಉಜನಿ, ವೀರ್ ಡ್ಯಾಂದಿಂದ ನೀರು ಬಿಟ್ಟಿದ್ರು, ಈ ಕಡಿ ಮಳಿನೂ ಬಿಡ್ಲಿಲ್ಲ, ಸೊನ್ನ ಬ್ಯಾರೇಜ್ ಕೆಳಗಿನ ಊರಾಗಿನ ಮಂದಿ ಟ್ರ್ಯಾಕ್ಟರ್ ಹತ್ತಿ ಕಾಳಜಿ ಕೇಂದ್ರಕ್ಕ ಹೋದ್ರು, ಗಾಡಿ ತೆಗಿಯೋಷ್ಟು ಪುರಸೊತ್ತು ಯಾರಿಗೂ ಇರ್ಲಿಲ್ಲ. ಈ ಸಲ ಮತ್ತ ಹೊಳಿ ಬಂದಾಗಿಂದ ಪರಿಚಯದವರು ಫೋನ್ ಮಾಡಿ ನೀರು ಹೊಕ್ಕ ಗಾಡಿ ರಿಪೇರಿ ಮಾಡಸೋದಾ, ಬಿಡೋದಾ ಅಂತ ಕೇಳ್ಲಿಕ್ಕತ್ಯಾರ, ಅದಕ್ಕ ಒಮ್ಮೆ ಕುಂತು ಪೂರಾ ಬರಿತೀನಿ.

ನೀರು ಇಳಿದ ಮ್ಯಾಲ ಹೋಗಿ ನೋಡಿದ್ರ ಸೀಟಿನ ಅರ್ಧಕ್ಕ ರಾಡಿ ಗೆರಿ ಬಿದ್ದಿತ್ತು. ನಮ್ ಭಾವ "ಏ ಒಮ್ಮಿ ಚಾವಿ ಹಚ್ಚಿ ನೋಡೋ, ಡೀಸೆಲ್ ಗಾಡಿ ಅದ, ಏನೂ ಆಗಂಗಿಲ್ಲ" ಅಂದ್ರು. ಚಾವಿ ಅವರ ಕೈಗೆ ಕೊಡ್ಲೇ ಇಲ್ಲ. ಸಿಲಿಂಡರ್‌ದಾಗ ನೀರಿದ್ದಾಗ ಸೆಲ್ಫ್ ಹೊಡದ್ರ ಪಿಸ್ಟನ್ ಮ್ಯಾಲ ಬಂದು ನೀರಿಗೆ ಗುದ್ದತದ, ಗಾಳಿ ಒತ್ತಿದ್ರ ಕುಗ್ಗತದ, ನೀರು ಕುಗ್ಗಂಗಿಲ್ಲ, ಕನೆಕ್ಟಿಂಗ್ ರಾಡ್ ಬಾಗತದ. ಇದಕ್ಕ ಹೈಡ್ರೋಲಾಕ್ ಅಂತಾರ. ಎಂಜಿನ್ ಹೋಗೋದೊಂದೇ ಅಲ್ರಿ, ನೀರು ಹೊಕ್ಕ ಮ್ಯಾಲ ಸ್ಟಾರ್ಟ್ ಮಾಡಿ ಕೆಡಿಸ್ಕೊಂಡ್ರ ಸಾದಾ ಫುಲ್ ಇನ್ಶೂರೆನ್ಸ್‌ದಾಗ ಅದಕ್ಕ ರೊಕ್ಕ ಬರಂಗಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಬ್ಯಾರೆ ಕವರ್ ತಗೊಂಡಿರಬೇಕು, ನಮ್ಮದ್ರಾಗ ಅದು ಇರ್ಲಿಲ್ಲ. ಥರ್ಡ್ ಪಾರ್ಟಿ ಒಂದೇ ಇದ್ದವರಿಗಂತೂ ಹೊಳಿ ನೀರಿಗೆ ಒಂದು ಪೈಸಾನೂ ಇಲ್ಲ.

ನಾ ಮೊದಲ ಮಾಡಿದ್ದು ಬ್ಯಾಟ್ರಿದು ಮೈನಸ್ ವೈರ್ ಬಿಚ್ಚಿದ್ದು, ಹತ್ತು ನಂಬರ್ ಸ್ಪ್ಯಾನರ್ ಸಾಕು. ಆಮ್ಯಾಲ ರಾಡಿ ಗೆರಿ ಒರಸ್ಲಾರ್ದಂಗ ನಾಕೂ ಕಡಿಯಿಂದ, ಒಳಗ ಹೊರಗ ಫೋಟೊ, ನಂಬರ್ ಪ್ಲೇಟ್ ಕಾಣೋ ಹಂಗ ವಿಡಿಯೊ. ಮಂದಿ ಮೊದಲ ಗಾಡಿ ತೊಳಿತಾರ ನೋಡ್ರಿ, ಅದು ತಪ್ಪು, ಆ ಗೆರಿನೇ ನಮ್ಮ ಸಾಕ್ಷಿ. ಅಲ್ಲಿಂದನೇ ಇನ್ಶೂರೆನ್ಸಿನವರಿಗೆ ಫೋನ್ ಹಚ್ಚಿ ಕ್ಲೇಮ್ ನಂಬರ್ ತಗೊಂಡೆ. ಕಲಬುರಗಿಗೆ ತರ್ಲಿಕ್ಕೂ ಹಗ್ಗ ಕಟ್ಟಿ ಎಳಿಸ್ಲಿಲ್ಲ, ಹ್ಯಾಂಡ್ ಬ್ರೇಕ್ ಹಾಕಿದ್ದು ಹಂಗೇ ಜಾಮ್ ಆಗಿ ಹಿಂದಿನ ಗಾಲಿ ತಿರಗ್ಲಿಕ್ಕೇ ತಯಾರ್ ಇರ್ಲಿಲ್ಲ, ಪೂರಾ ಗಾಡಿ ಮ್ಯಾಲ ಹೇರೋ ಟೋಯಿಂಗ್ ಗಾಡಿ ತರಿಸಿದೆ. ಪಾಲಿಸಿಯೊಳಗ ಟೋಯಿಂಗಿಗೆ ಅಂತ 1500 ರೂಪಾಯಿ ಇರ್ತದ, ಉಳಿದದ್ದು ನಮ್ಮ ಕೈಯಿಂದ.

ಇನ್ನ ಅಸಲಿ ಮಾತಿಗೆ ಬರ್ತೀನಿ. ನನ್ನ ಮುಂದ ಮೂರು ದಾರಿ ಇದ್ವು. ಸೇಡಂ ರೋಡಿನ್ಯಾಗ ನಮಗ ಗೊತ್ತಿದ್ದ ಒಬ್ಬ ಮಿಸ್ತ್ರಿ ಡಿಪ್‌ಸ್ಟಿಕ್ ಎಳದು ತೋರ್ಸಿದ, ಎಂಜಿನ್ ಆಯಿಲ್ ಬೆಳ್ಳಗ ಮಜ್ಜಿಗಿ ಆಗಿತ್ತು. ಆದ್ರೂ "ಇಂಜೆಕ್ಟರ್ ತೆಗೆದು ನೀರು ಹೊರಗ ಹಾಕಿ, ಆಯಿಲ್ ಮತ್ತ ಮತ್ತ ಬದಲಿ ಮಾಡಿ, ಸೀಟು ಬಿಚ್ಚಿ ಒಣಗಿಸಿ ಕೊಡ್ತೀನಿ, ಎಂಬತ್ತು ಸಾವಿರ ಆಗತದ್ರಿ, ಆಮ್ಯಾಲ ಓಡಸ್ರಿ ಇಲ್ಲಾ ಮಾರ್ರಿ" ಅಂದ. ಅವ ಸುಳ್ಳು ಹೇಳ್ಲಿಲ್ಲ, ಗಾಡಿ ಖರೇನೇ ಚಾಲೂ ಆಗ್ತಿತ್ತು. ಆದ್ರ ಹೊಳಿ ನೀರಿನ ಗಾಡಿ ಮೊದಲನೇ ತಿಂಗಳು ಚಂದ ಓಡಿ ಬ್ಯಾಸಗಿ ದಾಟೋದ್ರಾಗ ಒಂದೊಂದೇ ಕೈ ಕೊಡ್ಲಿಕ್ಕ ಶುರು ಮಾಡತದ, ಇವತ್ತು ಕಿಡಕಿ, ನಾಳಿ ಸೆಂಟ್ರಲ್ ಲಾಕ್, ನಾಡಿದ್ದು ನಡು ರೋಡಿನ್ಯಾಗ ಬಂದ್.

ಎರಡನೇ ದಾರಿ, ಶೋರೂಮ್ ವರ್ಕ್‌ಶಾಪಿನ್ಯಾಗ ಕ್ಲೇಮ್ ಮ್ಯಾಲ ರಿಪೇರಿ. ಅವರು ಮ್ಯಾಲಿಂದಷ್ಟೇ ನೋಡಿ 2,40,000 ಎಸ್ಟಿಮೇಟ್ ಕೊಟ್ರು. ಪಾಲಿಸಿಯೊಳಗ ಗಾಡಿದು ಐಡಿವಿ, ಅಂದ್ರ ಕಂಪನಿ ಗಾಡಿಗೆ ಹಿಡಿದ ಬೆಲಿ, 3,60,000. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದ್ರ ಟೋಟಲ್ ಲಾಸ್, ಅಂದ್ರ ಗಾಡಿ ಪೂರಾ ಹೋತು, ರಿಪೇರಿ ಬ್ಯಾಡ, ಐಡಿವಿ ಲೆಕ್ಕದಾಗ ರೊಕ್ಕ ಕೊಡೋದು ಅಂತ ಹಿಡಿತಾರ, ನಮ್ಮ ಲೆಕ್ಕಕ್ಕ ಅದು 2,70,000. ಅಂದ್ರ ನಮ್ಮ ಎಸ್ಟಿಮೇಟ್ ಗೆರಿ ಕೆಳಗ, ಗೆರಿ ಹತ್ರನೇ.

ನನ್ನ ಪ್ರಕಾರ ಇದಕ್ಕಿಂತ ಕೆಟ್ಟ ಜಾಗ ಇಲ್ಲ. 2,40,000 ಅಂದ್ರ ಕಂಪನಿ ಅಷ್ಟೂ ಕೊಡ್ತದ ಅಂದ್ಕೋಬ್ಯಾಡ್ರಿ. ರಬ್ಬರ್, ಪ್ಲಾಸ್ಟಿಕ್, ಬ್ಯಾಟ್ರಿ, ಏರ್‌ಬ್ಯಾಗಿಗೆ ಅರ್ಧ ಮುರಕೊಂತಾರ, ಐದು ವರ್ಷ ದಾಟಿ ಹತ್ತರ ಒಳಗಿರೋ ಗಾಡಿಯ ಕಬ್ಬಿಣದ ಸಾಮಾನಿಗೆ 40 ಪರ್ಸೆಂಟ್ ಮುರಕೊಂತಾರ, ಹಿಂಗ ಮುರಕೊಳ್ಳಲಾರ್ದ ಝೀರೋ ಡೆಪ್ ಕವರ್ ಇದ್ದವರಿಗೆ ಬ್ಯಾರೆ ಮಾತು, ನಮಗ ಇರ್ಲಿಲ್ಲ. ಒಂದು ಹಾಳಿ ಮ್ಯಾಲ ಬರದು ಕೂಡಿಸಿದೆ, ನನ್ನ ಕೈಯಿಂದನೇ ತೊಂಬತ್ತು ಸಾವಿರ ಹತ್ರ ಹೋಗತದ, ಕ್ಲೇಮ್ ಮಾಡ್ಲಾರ್ದವರಿಗೆ ಪ್ರೀಮಿಯಂದಾಗ ಸಿಗೋ ನೋ ಕ್ಲೇಮ್ ಬೋನಸ್ ಹೋಗತದ, ಅಷ್ಟೆಲ್ಲಾ ಆಗಿ ಮನಿಗೆ ಬರೋದು ಹೊಳಿ ನೀರು ಕುಡದ ಗಾಡಿನೇ, ಮುಂದ ಮಾರ್ಲಿಕ್ಕ ಹೋದ್ರ ತಗೊಳ್ಳಾಂವ ಮೊದಲ ಅದನ್ನೇ ಕೇಳ್ತಾನ.

ಹಾಳಿ ಮ್ಯಾಲ ಬರಕೊಂಡ ಮ್ಯಾಲ ಎಸ್ಟಿಮೇಟ್ ಮತ್ತ ಒಂದೊಂದೇ ಸಾಲು ಓದಿದೆ. ವೈರಿಂಗ್ ಮುಂದ "ಕ್ಲೀನಿಂಗ್" ಅಂತ ಇತ್ತು, ಸೀಟ್ ಬೆಲ್ಟಿನ ಹೆಸರೇ ಇಲ್ಲ, ಏರ್‌ಬ್ಯಾಗ್ ಕಂಟ್ರೋಲ್ ಮಾಡ್ಯೂಲ್ ಇಲ್ಲ. ನೀರು ಸೀಟಿನ ಅರ್ಧಕ್ಕ ಬಂದದ ಅಂದ್ರ ಆ ಮಾಡ್ಯೂಲ್ ಪೂರಾ ಮುಳುಗಿರ್ಲೇಬೇಕು, ಯಾಕಂದ್ರ ಅದು ಗೇರ್ ಲಿವರ್ ಸನೇಕ ನಡುಕಿನ ಕನ್ಸೋಲ್ ಕೆಳಗ, ನೆಲಕ್ಕ ಹತ್ತಿ ಕುಂತಿರ್ತದ. ಇನ್ಶೂರೆನ್ಸ್ ಕಡಿಯಿಂದ ನಷ್ಟ ನೋಡ್ಲಿಕ್ಕ ಬರೋ ಸರ್ವೇಯರ್ ಸಾಹೇಬ್ರಿಗೆ ಫೋನ್ ಮಾಡಿ "ಸರ, ತಾವ್ ಬಂದಾಗ್ಲೇ ತಮ್ಮ ಮುಂದೇ ಕಾರ್ಪೆಟ್ ಎಬ್ಬಿಸ್ಲಿ, ಕನೆಕ್ಟರ್ ಬಿಚ್ಚಲಿ" ಅಂತ ಕೇಳ್ಕೊಂಡೆ. ಬಂದ್ರು, ಒಳ್ಳೆ ಮನಷ್ಯಾ. ಕಾರ್ಪೆಟ್ ಕೆಳಗಿನ ಫೋಮ್ ಒತ್ತಿದ್ರ ಇನ್ನಾ ನೀರು ಬರ್ತಿತ್ತು. ಡ್ರೈವರ್ ಸೀಟ್ ಕೆಳಗಿನ ಹಳದಿ ಕನೆಕ್ಟರ್ ಬಿಚ್ಚಿದ್ರ ಒಳಗ ನಮ್ಮ ಎರಿ ಮಣ್ಣು ಮೆತ್ತಿಕೊಂಡಿತ್ತು, ಹುಡುಗ ಬ್ರಶ್‌ದಿಂದ ಒರಸಿದ, ತಾಮ್ರದ ಪಿನ್ನಿನ ಬುಡಕ್ಕ ಅಷ್ಟ್ರಾಗೇ ಹಸರು ಕಿಲುಬು. ಸರ್ವೇಯರ್ ಮಾತಾಡ್ಲಿಲ್ಲ, ಮೊಬೈಲ್ ತೆಗೆದು ಸನೇದಿಂದ ಫೋಟೊ ಹೊಡಕೊಂಡ್ರು. ಅದಾದ ಮ್ಯಾಲ ನೆಲದ ಹಾರ್ನೆಸ್ (ವೈರಿನ ಕಟ್ಟು), ಮಾಡ್ಯೂಲ್, ಮುಂದಿನ ಎರಡೂ ಸೀಟ್ ಬೆಲ್ಟ್ "ಬದಲಿ" ಸಾಲಿಗೆ ಬಂದ್ವು, ಎಸ್ಟಿಮೇಟ್ 2,90,000 ದಾಟ್ತು.

ಇದ್ರಾಗ ಸುಳ್ಳು ಏನೂ ಇಲ್ರಿ. ನೀರು ಕುಡದ ಏರ್‌ಬ್ಯಾಗ್ ಮಾಡ್ಯೂಲ್ ತೊಳದು ಮತ್ತ ಹಾಕೋ ಸಾಮಾನಲ್ಲ, ಬೇಕಾದಾಗ ಬಿಚ್ಚಂಗಿಲ್ಲ, ಬ್ಯಾಡಾದಾಗ ಬಿಚ್ಚತದ. ಅದನ್ನ ಎಸ್ಟಿಮೇಟಿನ್ಯಾಗ ಬರೀಲಾರ್ದೆ ಬಿಟ್ಟಿದ್ದೇ ಸುಳ್ಳು.

ಹಿಂಗ ಮೂರನೇ ದಾರಿ ತೆರೀತು, ಟೋಟಲ್ ಲಾಸ್ ಆತು. ಗಾಡಿ ಇದ್ದ ಸ್ಥಿತಿಯೊಳಗ ಹರಾಜಿಗೆ ಇಟ್ರು, 95,000ಕ್ಕ ಒಬ್ಬ ಕೂಗಿದ. 3,60,000ದಾಗ ಅಷ್ಟು ಕಳದು, ಕಡ್ಡಾಯ ಕಡಿತ 1000 ಕಳದು, ಕಂಪನಿಯಿಂದ 2,64,000 ಬಂತು, 95,000 ತಗೊಂಡಾಂವ ಕೊಟ್ಟ. (ಆ ಕಡಿತ 1500 ಸಿಸಿ ತನಕ 1000, ಅದಕ್ಕ ಮ್ಯಾಲಿದ್ರ 2000.) ಬೇಕಂದ್ರ ಆ 95,000 ಬಿಟ್ಟು ಗಾಡಿ ನಾವೇ ಇಟ್ಕೋಬಹುದಿತ್ತು, ಮಿಸ್ತ್ರಿ ಭಾಳ ಹೇಳ್ದ, ನಾ ಒಲ್ಲೆ ಅಂದೆ.

ತ್ರಾಸ ಆಗಿದ್ದು ಕಾಗದದಾಗ. ಲೋನ್ ಯಾವಾಗೋ ತೀರಿತ್ತು, ಆದ್ರ ಆರ್‌ಸಿ ಮ್ಯಾಲ ಬ್ಯಾಂಕಿನ ಹೆಸರು ಹಂಗೇ ಇತ್ತು, ಎನ್‌ಒಸಿ, ಬ್ಯಾಂಕಿನ ಹೆಸರು ತೆಗಸೋ ಫಾರಂ 35 ಅಂತ ಓಡಾಡಿದೆ. ಹರಾಜಿನಾಂವ "ಸಹಿ ಮಾಡಿ ಕೊಡ್ರಿ ಸರ, ಆರ್‌ಸಿ ಕೆಲಸ ನಾವು ಮಾಡ್ಕೊಂತೀವಿ" ಅಂತ ಗಡಿಬಿಡಿ ಮಾಡಿದ. ಖಾಲಿ ಫಾರಮಿಗೆ ಸಹಿ ಹಾಕ್ಲಿಲ್ಲ. ಇಂಥಾ ಗಾಡಿದು ಆರ್‌ಸಿ ಮತ್ತ ಚಾಸಿ ನಂಬರ್ ತಗೊಂಡು ಕದ್ದ ಗಾಡಿಗೆ ಹಚ್ಚಿ ಮಾರೋ ಮಂದಿ ಇದ್ದಾರ, ನಾಳಿ ಪೊಲೀಸರು ಬರೋದು ನಮ್ಮ ಮನಿಗೇ. ಗಾಡಿ ನಾಶ ಆದ್ರ 14 ದಿನದಾಗ ಆರ್‌ಟಿಒಗೆ ತಿಳಿಸ್ಬೇಕು ಅಂತ ಮೋಟಾರು ವಾಹನ ಕಾಯ್ದೆ 55ನೇ ಕಲಂದಾಗ ಅದ. ನಾನೇ ಆರ್‌ಟಿಒ ಆಫೀಸಿಗೆ ಹೋಗಿ ಕೆಎ 32 ನಂಬರ್ ರದ್ದು ಮಾಡಿಸಿ, ಆ ಕಾಗದ ಕೈಗೆ ಬಂದ ಮ್ಯಾಲನೇ ಚಾವಿ ಕೊಟ್ಟೆ. ನಮ್ಮಾಕಿ ಡ್ಯಾಶ್‌ಬೋರ್ಡ್ ಮ್ಯಾಲಿನ ಶರಣಬಸವೇಶ್ವರರ ಫೋಟೊ ಬಿಡಿಸಿ ತಂದಳು, ಅದಕ್ಕ ನೀರು ಹತ್ತಿರ್ಲಿಲ್ಲ.

ಆಮ್ಯಾಲ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಅದೇ ಅಕ್ಟೋಬರ್‌ದಾಗ ಹೈದರಾಬಾದಿನ್ಯಾಗೂ ಭಾರಿ ನೀರು ಬಂದಿತ್ತು, ಹಂಗಾಗಿ ಟಿಎಸ್ ನಂಬರಿನ ಗಾಡಿ ಅಗ್ಗಕ್ಕ ಸಿಗ್ಲಿಕ್ಕತ್ತಾಗ ನನಗ ಅನುಮಾನ. ಒಂದು ನೋಡಿದೆ, ಪಾಲಿಶ್ ಏನು, ಸೀಟ್ ಕವರ್ ಏನು, ಅತ್ತರಿನ ವಾಸನಿ ಬ್ಯಾರೆ. ನಾ ಸೀಟ್ ಬೆಲ್ಟ್ ಪೂರಾ ಕೊನಿತನಕ ಎಳದೆ, ರೀಲಿನ ಹತ್ರ ಗೇಣುದ್ದ ಮಣ್ಣಿನ ಬಣ್ಣ. ಡೀಲರ್ "ಹಳೇ ಗಾಡಿ ಅದರೀ ಸರ, ಸ್ವಲ್ಪ ಇರ್ತದ" ಅಂದ. ಡಿಕ್ಕಿ ತೆಗಿಸಿ ಸ್ಟೆಪ್ನಿ ಎತ್ತಿದೆ, ಅದರ ತಗ್ಗಿನ ಮೂಲಿಯೊಳಗ ಒಣಗಿದ ರಾಡಿ ಹೆಕ್ಕಳಿ ಎದ್ದು ಕುಂತಿತ್ತು. ನಮಸ್ಕಾರ ಮಾಡಿ ಬಂದೆ. ಕಡೀಕ ನಮ್ಮ ಓಣಿಯಾಗಿನ ರಿಟೈರ್ ಆದ ಮಾಸ್ತರ್ ಒಬ್ಬರ ಗಾಡಿ ತಗೊಂಡೆ, ರೇಟ್ ಜರಾ ಜಾಸ್ತಿನೇ ಆತು. ಬೆಲ್ಟ್ ಅವರದ್ದೂ ಎಳದು ನೋಡಿದೆ, ಮಾಸ್ತರ್ ನಕ್ರು.