ಕಾಲು ತಾನಾಗಿ ತಾಳ ಹಾಕಬೇಕು: ಹೈ-ಫೈ ಕೇಳಿಸಲು ಹಾಡು ಆರಿಸುವುದು ಹೇಗೆ?

ಹೊಸ ಹೈ-ಫೈಯನ್ನು ನಾಲ್ಕು ಜನಕ್ಕೆ ಕೇಳಿಸುವಾಗ ಹೆಚ್ಚಿನವರು ಕಿಟಕಿ ಗಾಜು ನಡುಗಿಸುವ ಹಾಡೊಂದನ್ನು ಹಾಕಿ ವಾಲ್ಯೂಮ್ ಏರಿಸಿಬಿಡುತ್ತಾರೆ. ಮೊದಲ ಅರ್ಧ ನಿಮಿಷ ಬಂದವರು ‘ಅಬ್ಬಾ’ ಅನ್ನುತ್ತಾರೆ. ಮೂರನೇ ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ಅಷ್ಟು ಹೊತ್ತೂ ಯಾರ ಕಾಲೂ ಅಲುಗಿರುವುದಿಲ್ಲ. ತಾಳ ಹಿಡಿಯಬೇಕಾದರೆ ಪೆಟ್ಟು ಹೊತ್ತಿಗೆ ಸರಿಯಾಗಿ ಬಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ನಿಲ್ಲಲೂ ಬೇಕು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಎರಡು ಬಡಿತಗಳ ನಡುವೆ ಸಿಗುವುದು ಅರ್ಧ ಸೆಕೆಂಡು ಮಾತ್ರ. ಹಿಂದಿನ ಬೇಸ್ (ತಗ್ಗಿನ, ದಪ್ಪ) ಸ್ವರ ಆ ಅರ್ಧ ಸೆಕೆಂಡಿನಲ್ಲಿ ಅಡಗದೆ ಗುಂಯ್‌ಗುಟ್ಟುತ್ತಲೇ ಇದ್ದರೆ ಮುಂದಿನ ಪೆಟ್ಟು ಕೆಸರಿನ ಮೇಲೆ ಬಿದ್ದ ಹಾಗೆ.

ಮೊದಲು ಕೋಣೆ

ಆ ಗುಂಯ್‌ಗುಟ್ಟುವಿಕೆಗೆ ಬಹುಪಾಲು ಕಾರಣ ಸ್ಪೀಕರ್ ಅಲ್ಲ, ಗೋಡೆಗಳು. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ಅನುರಣಿಸುತ್ತವೆ. ಲೆಕ್ಕ ಸುಲಭ: ಸದ್ದು ಸೆಕೆಂಡಿಗೆ ಸಾಗುವ 343 ಮೀಟರನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ, ಹಾಗೆ ಸಿಕ್ಕಿಕೊಳ್ಳುವ ಅತಿ ತಗ್ಗಿನ ಸ್ವರ ಸಿಗುತ್ತದೆ. ಉದ್ದ 5 ಮೀಟರ್ ಇದ್ದರೆ 34 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), 4 ಮೀಟರ್ ಇದ್ದರೆ 43 ಹರ್ಟ್ಸ್. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಹಾಗಾಗಿ 4 ಮೀಟರಿನ ಕೋಣೆಯಲ್ಲಿ ಆ ಒಂದು ಸ್ವರ ಊದಿಕೊಂಡು, ಪಕ್ಕದವು ಬಡಕಲಾಗಿ ಕೇಳುತ್ತವೆ. ಬೇಸ್‌ನವನು ಸಮನಾಗಿಯೇ ನುಡಿಸಿರುತ್ತಾನೆ, ಕೆಡಿಸುವುದು ಕೋಣೆ.

ಹಿಂದಿನ ಗೋಡೆಗೆ ಒರಗಿ ಕೂತರೆ ಈ ಊತ ಅತಿ ಹೆಚ್ಚು. ಕೋಣೆಯ ನಟ್ಟನಡುವೆ ಕೂತರೆ ಅದೇ ಸ್ವರ ಮಾಯ. ಕುರ್ಚಿಯನ್ನು ಹಿಂದಿನ ಗೋಡೆಯಿಂದ, ಕೋಣೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ದೂರದಲ್ಲಿಟ್ಟು ಶುರುಮಾಡಿ. ಸ್ಪೀಕರುಗಳನ್ನು ತಮ್ಮ ಹಿಂದಿನ ಗೋಡೆಯಿಂದ ಅರ್ಧ ಮೀಟರ್ ಈಚೆಗಿಡಿ. ಬೇಸ್ ಸಾಲು ಸ್ಪಷ್ಟವಾಗಿರುವ ಹಾಡು ಹಾಕಿ, 5 ಸೆಂಟಿಮೀಟರಿನಂತೆ ಮುಂದೆ ಎಳೆಯುತ್ತಾ ಬನ್ನಿ. ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಕೇಳುವ ಜಾಗ ಸಿಕ್ಕಿದೊಡನೆ ನೆಲಕ್ಕೆ ಟೇಪು ಅಂಟಿಸಿ. ಹಿಂಬದಿಯಲ್ಲಿ ಗಾಳಿರಂಧ್ರ ಇರುವ ಸ್ಪೀಕರನ್ನು ಗೋಡೆಗೆ ಹತ್ತಿರವೇ ಇಡಬೇಕಾಗಿ ಬಂದರೆ ಆ ರಂಧ್ರಕ್ಕೆ ಸ್ಪಂಜಿನ ಬಿರಡೆ ತುರುಕಿ ನೋಡಿ. ಬೇಸ್ ಸ್ವಲ್ಪ ತಗ್ಗುತ್ತದೆ, ತಾಳ ಮಾತ್ರ ಚುರುಕಾಗುತ್ತದೆ.

ಸಬ್‌ವೂಫರ್ (ಬೇಸ್‌ಗೆಂದೇ ಇರುವ ಬೇರೆ ಸ್ಪೀಕರ್) ಇದ್ದರೆ ಅದನ್ನು ನೀವು ಕೂರುವ ಕುರ್ಚಿಯ ಮೇಲೇ ಇಟ್ಟು ಬೇಸ್ ಸಾಲು ನುಡಿಸಿ, ಗೋಡೆಗುಂಟ ಅಂಬೆಗಾಲಲ್ಲಿ ಹೋಗಿ. ನೋಡಿದವರು ನಕ್ಕರೆ ನಗಲಿ. ಎಲ್ಲಿ ಸ್ವರಗಳು ಸಮನಾಗಿ ಕೇಳಿದವೋ ಅಲ್ಲಿಗೆ ಸಬ್‌ವೂಫರನ್ನು ಒಯ್ದಿಡಿ. ಕ್ರಾಸ್‌ಓವರ್, ಅಂದರೆ ಸ್ಪೀಕರಿನಿಂದ ಸಬ್‌ವೂಫರಿಗೆ ಕೆಲಸ ದಾಟುವ ಗಡಿ, 80 ಹರ್ಟ್ಸ್‌ನಲ್ಲಿರಲಿ. ಸಬ್‌ವೂಫರಿನ ಅಲೆಯನ್ನು ಸ್ಪೀಕರುಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು 0 ಮತ್ತು 180 ಡಿಗ್ರಿಯ ನಡುವೆ ತಿರುಗಿಸಿ, ಬೇಸ್ ತುಂಬಿ ಬರುವ ಕಡೆ ಬಿಡಿ. ಕಣ್ಣು ಮುಚ್ಚಿಕೊಂಡಾಗ ‘ಸಬ್‌ವೂಫರ್ ಅಗೋ ಅಲ್ಲಿದೆ’ ಎಂದು ಬೆರಳು ತೋರಿಸಲು ಬಂದರೆ ಅದರ ಮಟ್ಟ ಜಾಸ್ತಿಯಾಗಿದೆ ಎಂದೇ ಅರ್ಥ.

ಇನ್ನೊಂದು ಚಿಕ್ಕ ತಪಾಸಣೆ. ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿ ಅದಲುಬದಲಾಗಿದ್ದರೆ ಬೇಸ್ ಸೊರಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಕೋಣೆ ತುಂಬ ಹರಡಿಕೊಳ್ಳುತ್ತದೆ. ಅನುಭವಸ್ಥರ ಮನೆಯಲ್ಲೂ ಇದು ನಡೆಯುತ್ತದೆ.

ಯಾವ ಹಾಡು?

ವೇಗ ನಿಮಿಷಕ್ಕೆ 100ರಿಂದ 125 ಬಡಿತ. ಅದಕ್ಕಿಂತ ನಿಧಾನವಾದರೆ ಕಾಲು ಕಾಯಬೇಕು, ಹೆಚ್ಚಾದರೆ ಓಡಬೇಕು. ಎಲ್ಲ ಪೆಟ್ಟೂ ಗಡಿಯಾರದಂತೆ ತಾಳದ ಮೇಲೇ ಬಿದ್ದರೆ ಬೇಸರ, ತೀರಾ ಎಡದಲ್ಲಿ, ಅಂದರೆ ಬಡಿತಗಳ ನಡುವೆಯೇ, ಬಿದ್ದರೆ ಗೊಂದಲ. ಹದವಾಗಿ ಎಡ ಬೆರೆತ ಲಯವೇ ಮೈಯನ್ನು ಹೆಚ್ಚು ಕುಣಿಸುತ್ತದೆ ಎಂಬುದನ್ನು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ.

ಡ್ರಮ್ಸ್ ಮತ್ತು ಬೇಸ್ ಒಟ್ಟಿಗೆ ಬರುವ ಹಾಡಿಗೆ ಒಳ್ಳೆಯ ಮಾದರಿ ಮೈಕೆಲ್ ಜಾಕ್ಸನ್‌ನ 1982ರ ಆಲ್ಬಮ್‌ನಲ್ಲಿರುವ ‘ಬಿಲ್ಲಿ ಜೀನ್’. ವೇಗ ಸುಮಾರು 117. ಮೊದಲು ಬರಿಯ ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಉಳಿದದ್ದು. ದನಿ ಶುರುವಾಗುವ ಮುಂಚೆಯೇ ನಿಮ್ಮ ವ್ಯವಸ್ಥೆಯ ಹಣೆಬರಹ ಗೊತ್ತಾಗಿಬಿಡುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನಲ್ಲಿ ಎರಡು ಸದ್ದು ಇರುತ್ತವೆ: ಬಡಿಗೆ ತಾಗಿದ ‘ಟಕ್’ 2ರಿಂದ 5 ಸಾವಿರ ಹರ್ಟ್ಸ್ ಆಸುಪಾಸು, ಒಡಲಿನ ‘ಧಮ್’ 50ರಿಂದ 80ರ ಆಸುಪಾಸು. ಮೊದಲನೆಯದು ಬರುವುದು ಸ್ಪೀಕರಿನ ಚಿಕ್ಕ ಘಟಕವಾದ ಟ್ವೀಟರ್ ಕಡೆಯಿಂದ, ಎರಡನೆಯದು ದೊಡ್ಡ ಘಟಕವಾದ ವೂಫರ್‌ನಿಂದ. ಎರಡೂ ಬೆಸೆದು ಒಂದೇ ಪೆಟ್ಟಾಗಿ ಕೇಳಬೇಕು. ‘ಟಕ್’ ಮುಂದೆ ಹೋಗಿ ‘ಧಮ್’ ಹಿಂದೆ ಎಳೆದುಕೊಂಡು ಬಂದರೆ ಮತ್ತೆ ಟೇಪಿನ ಗುರುತಿನ ಹತ್ತಿರ ಹೋಗಿ. ಬೇಸ್ ಬಂದ ಮೇಲೆ ಸ್ವರ ಹುಟ್ಟುವ ಕಡೆಗೆ ಕಿವಿ ಕೊಡುವುದಕ್ಕಿಂತ ಅದು ಮುಗಿಯುವ ಕಡೆಗೆ ಕೊಡಿ. ಒಂದೊಂದು ಸ್ವರದ ಬಾಲವೂ ಕತ್ತರಿಸಿದಂತೆ ನಿಂತು, ನಡುವೆ ಕೂದಲೆಳೆಯಷ್ಟು ಮೌನ ಕಂಡರೆ ಕೋಣೆ ಹದಕ್ಕೆ ಬಂದಿದೆ.

ಎರಡನೆಯದು ಕೈವಾದ್ಯ. ತಬಲ ಸೋಲೋ ಇದ್ದರೆ ಡಗ್ಗಾ (ಜೋಡಿಯಲ್ಲಿ ದಪ್ಪ ಸದ್ದಿನದು) ಗಮನಿಸಿ. ಅಂಗೈ ಒತ್ತಿ ಸ್ವರವನ್ನು ಜಾರಿಸಿದಾಗ ಅದು ಕೆಳಗಿನಿಂದ ಮೇಲಕ್ಕೆ ನಯವಾಗಿ ಏರಬೇಕು. ಏರುವ ದಾರಿಯಲ್ಲಿ ಒಂದೇ ಒಂದು ಬಿಂದುವಿನಲ್ಲಿ ದಪ್ಪಗಾಗಿ ಮತ್ತೆ ತೆಳುವಾದರೆ ಅಲ್ಲಿ ಕೋಣೆ ಮಾತಾಡುತ್ತಿದೆ. ಕಾಸು ಖರ್ಚಿಲ್ಲದ ಅಳತೆಯಂತ್ರ ಇದು. ಘಟ ಇನ್ನೊಂದು ಪರೀಕ್ಷೆ: ಬೆರಳುಗುರು ತಾಗಿದ್ದೂ ಅಂಗೈ ತಾಗಿದ್ದೂ ಬೇರೆಬೇರೆಯಾಗಿ ಕೇಳಬೇಕು.

ಮೂರನೆಯದಕ್ಕೆ ಜಾಝ್ ತಂಡವಾದ ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ 1959ರ ‘ಟೇಕ್ ಫೈವ್’ ಇಡಬಹುದು. ಐದರ ನಡೆ. ಖಂಡ ಚಾಪು ಬಲ್ಲವರ ಕೈ ಎಡವುವುದಿಲ್ಲ, ಆದರೂ ಚಾಪುವಿನಲ್ಲಿ ಐದು ಒಡೆಯುವುದು 2 ಮತ್ತು 3 ಆಗಿ, ಇಲ್ಲಿ 3 ಮತ್ತು 2 ಆಗಿ. ನಡುವೆ ಜೋ ಮೊರೆಲ್ಲೊ ಅವರ ಡ್ರಮ್ ಸೋಲೋ ಬರುತ್ತದೆ. ಅವರು ಪೆಟ್ಟುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟಿದ್ದಾರೆ, ಹಿಂದೆ ಪಿಯಾನೊ ತನ್ನ ಪಲ್ಲವಿಯಂಥ ತುಣುಕನ್ನು ಬಿಡದೆ ನುಡಿಸುತ್ತಿರುತ್ತದೆ. ಆ ಖಾಲಿ ಜಾಗಗಳಲ್ಲಿ ಸ್ಟುಡಿಯೋದ ಪ್ರತಿಧ್ವನಿ ಕೇಳಿಸಿದರೆ ಬಂದವರಿಗೆ ಬೇರೆ ವಿವರಣೆ ಬೇಡ.

ಕಂಪ್ಯೂಟರಿನಲ್ಲಿ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತದ ಬೇಸ್ 40 ಹರ್ಟ್ಸ್‌ಗಿಂತ ಕೆಳಗೂ ಇಳಿಯಬಹುದು. ಸಬ್‌ವೂಫರ್ ಇಲ್ಲದ ಸಣ್ಣ ಸ್ಪೀಕರಿಗೆ ಅದನ್ನು ಕೊಟ್ಟರೆ ಕೋನು (ಅಲುಗುವ ಪೊರೆ) ಸುಮ್ಮನೆ ಹಿಂದೆಮುಂದೆ ಬಡಿದಾಡಿ, ರಂಧ್ರದಿಂದ ‘ಬುಸ್’ ಎಂದು ಗಾಳಿ ಹೊರಡುತ್ತದೆ. ಸಣ್ಣ ಸ್ಪೀಕರಿಗೆ ಬೇಸ್ ಗಿಟಾರಿನ ಹಾಡೇ ಲೇಸು. ಮೂಲಸ್ವರದ ಜೊತೆಗೇ ಹುಟ್ಟುವ ಮೇಲಿನ ಹಾರ್ಮೋನಿಕ್‌ಗಳನ್ನು ಹಿಡಿದುಕೊಂಡು ಕಾಣೆಯಾದ ಮೂಲಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ಫೈಲು, ಮಾಸ್ಟರಿಂಗ್

ಸಿಡಿ ಅಥವಾ ಅದಕ್ಕೆ ಸಮನಾದ 16 ಬಿಟ್, 44.1 ಕಿಲೋಹರ್ಟ್ಸ್ ಫೈಲು ಸಾಕು. ಅದಕ್ಕಿಂತ ದೊಡ್ಡ ಸಂಖ್ಯೆಗಳ ಹಿಂದೆ ಬೀಳುವ ಹೊತ್ತನ್ನು ಕುರ್ಚಿ ಸರಿಸಲು ಬಳಸಿದರೆ ಲಾಭ ಹೆಚ್ಚು. 128 ಕಿಲೋಬಿಟ್‌ನ ಎಂಪಿ3 ಮಾತ್ರ ಬೇಡ. ಅದು ಸದ್ದನ್ನು ತುಂಡುತುಂಡಾಗಿ ಹಿಂಡುವಾಗ ಪೆಟ್ಟಿನ ಕಸರು ಪೆಟ್ಟಿಗಿಂತ ಮುಂಚೆಯೇ ಚೆಲ್ಲಿಕೊಂಡು, ಅಂಚು ಮೊಂಡಾಗುತ್ತದೆ. ಕ್ಯಾಸ್ಟನೆಟ್‌ನಂಥ ಚಿಟಿಕೆ ಸದ್ದಿನಲ್ಲಿ ಇದು ಎದ್ದು ಕಾಣುತ್ತದೆ.

ಒಂದೇ ಹಾಡಿನ ಹಲವು ಮಾಸ್ಟರ್‌ಗಳು (ಬಿಡುಗಡೆಗೆಂದು ಸದ್ದು ಹೊಂದಿಸಿದ ಅಂತಿಮ ಪ್ರತಿಗಳು) ಸಿಗುತ್ತವೆ. ಗಟ್ಟಿಯಾಗಿ ಕೇಳಲೆಂದು ಶಿಖರಗಳನ್ನು ಕತ್ತರಿಸಿದ್ದರೆ ಡ್ರಮ್ಸ್ ಹಾಡಿನೊಳಗೆ ಮುಳುಗಿಹೋಗಿರುತ್ತದೆ. ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಫೈಲು ತೆರೆದು ಅಲೆಯ ಚಿತ್ರ ನೋಡಿ. ಮುಳ್ಳುಮುಳ್ಳಾಗಿ ಕಂಡರೆ ಇಟ್ಟುಕೊಳ್ಳಿ, ಇಟ್ಟಿಗೆಯಂತೆ ಕಂಡರೆ ಬೇರೆ ಆವೃತ್ತಿ ಹುಡುಕಿ. ಹಾಡುಗಳ ಮಟ್ಟ ಸರಿದೂಗಿಸುವ ಸೌಲಭ್ಯ ಆ್ಯಪ್‌ನಲ್ಲಿದ್ದರೆ ಚಾಲೂ ಇರಲಿ, ಇಲ್ಲದಿದ್ದರೆ ಜೋರಾಗಿರುವ ಹಾಡೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ವಾಲ್ಯೂಮ್ ಎಷ್ಟು?

ಕುರ್ಚಿಯ ಹತ್ತಿರ ಸರಾಸರಿ 75ರಿಂದ 80 ಡೆಸಿಬೆಲ್. ಮೊಬೈಲ್ ಆ್ಯಪ್‌ನ ಅಳತೆ ಕರಾರುವಾಕ್ಕಲ್ಲದಿದ್ದರೂ ಇದಕ್ಕೆ ಸಾಕು. ತೀರಾ ಮೆಲ್ಲಗಿಟ್ಟರೆ ನಮ್ಮ ಕಿವಿಗೆ ಬೇಸ್ ಸೊರಗಿದಂತೆ ಕೇಳುತ್ತದೆ, ಕಾಲು ಏಳುವುದಿಲ್ಲ. ಮೇಲೆ ಎಷ್ಟು ಹೋಗಬಹುದೆಂಬುದು ಆ್ಯಂಪ್ಲಿಫೈಯರಿನ ಲೆಕ್ಕ. 87 ಡೆಸಿಬೆಲ್ ಸಂವೇದನೆಯ (1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಕೊಡುವ ಸದ್ದು) ಒಂದು ಜೊತೆ ಸ್ಪೀಕರು 1 ವ್ಯಾಟ್‌ಗೆ 3 ಮೀಟರ್ ದೂರದಲ್ಲಿ ಸುಮಾರು 83 ಕೊಡುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ 80 ಇದ್ದಾಗ ಡ್ರಮ್ ಪೆಟ್ಟು 98ರವರೆಗೆ ಹಾರಬಹುದು. ಅದಕ್ಕೆ ಬೇಕಾದದ್ದು 32 ವ್ಯಾಟ್. ಇನ್ನು 3 ಡೆಸಿಬೆಲ್ ಏರಿಸಿದರೆ 64, ಮತ್ತೆ 3 ಅಂದರೆ 128. ಬೇಸ್ ಗುಂಡಿಯನ್ನು 6 ಡೆಸಿಬೆಲ್ ತಿರುಗಿಸಿದರೂ ಆ ಪೆಟ್ಟಿಗೆ ನಾಲ್ಕು ಪಟ್ಟು ಶಕ್ತಿ ಬೇಕು. ಸ್ನೇರ್ ಡ್ರಮ್ ಚಪ್ಪಟೆಯಾಗಿ, ತಾಳದ ತಟ್ಟೆಗಳ ಸದ್ದು ಕಿವಿಗೆ ಚುಚ್ಚತೊಡಗಿದರೆ ಆ್ಯಂಪ್ಲಿಫೈಯರ್ ಸುಸ್ತಾಗಿದೆ. ಆಗ ತಕ್ಷಣ ಇಳಿಸಿ. ಇಲ್ಲದಿದ್ದರೆ ಮೊದಲು ಸುಡುವುದು ಟ್ವೀಟರ್.

ಕೇಳಿಸುವ ದಿನ

ಹಿಂದಿನ ದಿನವೇ 20ರಿಂದ 200 ಹರ್ಟ್ಸ್‌ವರೆಗಿನ ಏರುಸ್ವರವನ್ನು ನಿಧಾನವಾಗಿ ನುಡಿಸಿ. ಯಾವ ಫೋಟೋ ಚೌಕಟ್ಟು, ಯಾವ ಕಪಾಟಿನ ಗಾಜು ಗಿಟಗಿಟ ಅನ್ನುತ್ತದೆಂದು ಆಗಲೇ ತಿಳಿಯುತ್ತದೆ. ಅದಕ್ಕೆ ಫೆಲ್ಟ್ ತುಂಡು ಸಿಕ್ಕಿಸಿ.

ನಾಲ್ಕು ಹಾಡು, ಇಪ್ಪತ್ತು ನಿಮಿಷ. ಮೊದಲು ದನಿ ಮುಂದಿರುವ ಹಗುರ ಹಾಡು, ಕಿವಿ ಕೋಣೆಗೆ ಒಗ್ಗಲಿ. ಆಮೇಲೆ ಡ್ರಮ್ಸ್-ಬೇಸ್, ಆಮೇಲೆ ಕೈವಾದ್ಯ, ಎಲ್ಲ ವಾದ್ಯ ಕಿಕ್ಕಿರಿದದ್ದು ಕಡೆಗೆ. ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಮೈಗೆ ಲಯ ಹತ್ತಲು ಹೊತ್ತು ಬೇಕು. ‘ಈಗ ಬರುತ್ತೆ ನೋಡಿ’ ಅಂತ ಮುಂಚೆಯೇ ಹೇಳುವ ಚಪಲವನ್ನೂ ತಡೆದುಕೊಳ್ಳಿ.

ಬಂದವರು ತಮ್ಮಿಷ್ಟದ ಹಾಡು ಹಾಕಿ ಎಂದೇ ಅನ್ನುತ್ತಾರೆ. ಅವರ ಮೊಬೈಲಿಗೆ ಬ್ಲೂಟೂತ್ ಜೋಡಿಸುವ ಬದಲು ಅದೇ ಹಾಡನ್ನು ನಿಮ್ಮ ಪ್ಲೇಯರಿನಲ್ಲಿ ಹುಡುಕಿ. ಜೋರಾಗಿ ಮಾಸ್ಟರ್ ಮಾಡಿದ್ದಿರಬಹುದು, ಆದ್ದರಿಂದ ವಾಲ್ಯೂಮನ್ನು 6 ಡೆಸಿಬೆಲ್ ಇಳಿಸಿಯೇ ಶುರುಮಾಡಿ. ಕುರ್ಚಿ ಅವರಿಗೆ ಬಿಟ್ಟುಕೊಟ್ಟು ನೀವು ಪಕ್ಕಕ್ಕೆ ನಿಲ್ಲಿ, ಅವರ ಚಪ್ಪಲಿಯ ತುದಿ ಕಾಣುವ ಹಾಗೆ.