ಮೆಷಿನ್‌ನಲ್ಲಿ ಒಗೆದರೂ ಬಟ್ಟೆಗೆ ನಾತ ಯಾಕೆ?

ಆಟಿ ತಿಂಗಳ ಒಂದು ಬೆಳಿಗ್ಗೆ. ಉಡುಪಿಯಲ್ಲಿ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಮೂರು ದಿನದಿಂದ ಚಾವಡಿಯ ಹಗ್ಗದಲ್ಲಿ ನೇತಾಡುತ್ತಿದ್ದ ಬೈರಾಸು ತೆಗೆದು ಮುಖ ಒರೆಸಿಕೊಂಡೆ. ಒದ್ದೆ ಗೋಣಿಚೀಲದ ವಾಸನೆ! ಒಗೆದದ್ದು ಸಾಲಲಿಲ್ಲ ಅಂದುಕೊಂಡು ಮತ್ತೆ ಮೆಷಿನ್‌ಗೆ ಹಾಕಿದೆ. ಈ ಸಲ ಪುಡಿ ಇನ್ನೂ ಒಂದು ಚಮಚ ಜಾಸ್ತಿ. ವಾಸನೆ ಹೋಗುವುದಿರಲಿ, ಪಕ್ಕದಲ್ಲಿದ್ದ ಅಂಗಿಗೂ ಹತ್ತಿತು.

ಮೆಷಿನ್ ಹಾಳಾಗಿದೆ ಎಂದು ರಿಪೇರಿ ಹುಡುಗನನ್ನು ಕರೆಸಿದೆ. ಅವನು ಬಂದು ಬಾಗಿಲು ತೆರೆದ. ಸುತ್ತಲಿನ ರಬ್ಬರ್ ಮಡಿಕೆ ಎಳೆದು ಒಳಗೆ ಬೆರಳು ಆಡಿಸಿದ. ಬೆರಳಿಗೆ ಬೂದು ಬಣ್ಣದ ಲೋಳೆ ಅಂಟಿಕೊಂಡು ಬಂತು. ಕೆಳಗಿನ ಫಿಲ್ಟರ್ ಬಿಚ್ಚಿದರೆ ಎರಡು ನಾಣ್ಯ, ಒಂದು ಸೇಫ್ಟಿ ಪಿನ್, ಅರ್ಧ ಅಡಿಕೆ ಹೋಳು, ಮಲ್ಪೆ ಬೀಚಿನ ಒಂದು ಹಿಡಿ ಮರಳು.

“ಪುಡಿ ಎಷ್ಟು ಹಾಕುದು ಅಕ್ಕ ನೀವು?”

“ಎರಡು ಕಪ್ಪು.”

“ಮತ್ತೆ ನಾತ ಬರದೆ ಎಂತ ಮಾಡುದು ಮಾರಾಯ್ರೆ!”

ಮೆಷಿನ್‌ಗೆ ಏನೂ ಆಗಿರಲಿಲ್ಲ. ಒಗೆಯುವ ಕಲ್ಲಿನ ಅಭ್ಯಾಸವನ್ನೇ ನಾನು ಮೆಷಿನ್‌ಗೂ ತಂದಿದ್ದೆ, ಅಷ್ಟೇ. ಅವತ್ತು ಅವನಿಂದ ಕಲಿತದ್ದು, ಆಮೇಲೆ ಮಾಡಿ ನೋಡಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಜೇಬು ನೋಡಿ

ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ನಾಣ್ಯ, ಪಿನ್ನು, ಬಸ್ ಟಿಕೆಟ್ ತೆಗೆಯಿರಿ. ಜಿಪ್ ಹಾಕಿ, ಪ್ಯಾಂಟ್ ಒಳಮೈ ಹೊರಗೆ ಮಾಡಿ. ಬೀಚಿಗೆ ಹೋಗಿ ಬಂದ ಬಟ್ಟೆಯನ್ನು ಅಂಗಳದಲ್ಲೇ ಚೆನ್ನಾಗಿ ಕೊಡವಿ, ಒಂದು ಬಾಲ್ದಿ ನೀರಲ್ಲಿ ಅದ್ದಿ ಮರಳು ತೆಗೆಯಿರಿ. ಮರಳು ಪಂಪ್‌ಗೆ ಹೋದರೆ ಗರಗರ ಸದ್ದು ಶುರುವಾಗುತ್ತದೆ.

ಹಲಸಿನ ಮೇಣ ಅಂಟಿದ ಬಟ್ಟೆಯನ್ನು ಸೀದಾ ಮೆಷಿನ್‌ಗೆ ಹಾಕಬೇಡಿ. ಮೊದಲು ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಮೇಣ ಬಿಡುತ್ತದೆ. ಆಮೇಲೆ ಎಣ್ಣೆಯನ್ನು ಸಾಬೂನಿನಲ್ಲಿ ತೊಳೆದು ಹಾಕಿ. ಬಾಳೆ ಕಲೆಯ ಬಗ್ಗೆ ನನ್ನನ್ನು ಕೇಳಬೇಡಿ. ಅದು ಯಾವ ಮೆಷಿನ್‌ಗೂ ಬಗ್ಗಿದ್ದನ್ನು ನಾನು ನೋಡಿಲ್ಲ. ತೋಟಕ್ಕೆಂದೇ ಒಂದು ಹಳೆ ಅಂಗಿ ಇಟ್ಟುಕೊಳ್ಳಿ.

ಹೊಸ ಕೆಂಪು ಬೈರಾಸನ್ನು ಬಿಳಿ ಪಂಚೆಯ ಜೊತೆ ಹಾಕುವ ತಪ್ಪು ಪ್ರತಿ ಮನೆಯಲ್ಲೂ ಒಮ್ಮೆ ಆಗಿಯೇ ಆಗುತ್ತದೆ. ನಮ್ಮ ಮನೆಯಲ್ಲಿ ಒಂದು ಗುಲಾಬಿ ಪಂಚೆ ಈಗಲೂ ಇದೆ.

ಎಷ್ಟು ತುಂಬಿಸಬೇಕು?

ಮೆಷಿನ್ ಮೇಲೆ 7 ಕೆ.ಜಿ. ಎಂದು ಬರೆದಿದ್ದರೆ ಅದು ಒಣಗಿದ ಬಟ್ಟೆಯ ತೂಕ. ಅದೂ ಕಾಟನ್ ಪ್ರೋಗ್ರಾಮ್‌ಗೆ ಮಾತ್ರ. ಸಿಂಥೆಟಿಕ್‌ಗೆ ಅದರ ಅರ್ಧದಷ್ಟು ಸಾಕು. 15 ನಿಮಿಷದ ಕ್ವಿಕ್ ವಾಶ್ ಇರುವುದು ಹೆಚ್ಚು ಕೊಳೆ ಇಲ್ಲದ ನಾಲ್ಕೈದು ಬಟ್ಟೆಗೆ. ನಾವು ಅದಕ್ಕೆ ಇಡೀ ಮನೆಯ ಬಟ್ಟೆ ತುರುಕಿ “ಸರಿ ಒಗೆಯುವುದಿಲ್ಲ” ಎಂದು ಬೈಯುತ್ತೇವೆ.

ತೂಕ ನೋಡಿಕೊಂಡು ಕೂರುವುದು ಬೇಡ. ಫ್ರಂಟ್ ಲೋಡ್ ಆದರೆ ಬಟ್ಟೆ ಹಾಕಿದ ಮೇಲೆ ಡ್ರಮ್‌ನ ಮೇಲ್ಭಾಗದಲ್ಲಿ ಅಂಗೈ ನಿಲ್ಲಿಸಿ ನೋಡಿ. ಕೈ ಆರಾಮಾಗಿ ಹೋದರೆ ಸರಿ. ತುರುಕಬೇಕಾದರೆ ಜಾಸ್ತಿಯಾಯಿತು. ಬಟ್ಟೆ ಮೇಲಿಂದ ಕೆಳಗೆ ಬೀಳುತ್ತಾ ಇದ್ದರೇ ಕೊಳೆ ಬಿಡುವುದು. ನಾವು ಕಲ್ಲಿಗೆ ಬಡಿಯುತ್ತಿದ್ದೆವಲ್ಲ, ಇಲ್ಲಿ ಆ ಕೆಲಸ ಈ ಬೀಳುವುದರಿಂದ ಆಗುತ್ತದೆ. ಟಾಪ್ ಲೋಡ್‌ನಲ್ಲಿ ಡ್ರಮ್‌ನ ಮುಕ್ಕಾಲು ಭಾಗ ಸಾಕು. ಬಟ್ಟೆಯನ್ನು ನಡುವಿನ ಸುತ್ತ ಸಡಿಲವಾಗಿ ಹಾಕಿ.

ಹಾಗೆಂದು ಒಂದೇ ಒಂದು ದಪ್ಪ ಟವೆಲ್ ಹಾಕಿದರೂ ಕಷ್ಟ. ನೀರು ಕುಡಿದು ಒಂದು ಬದಿಗೆ ಮುದ್ದೆಯಾಗುತ್ತದೆ. ಸ್ಪಿನ್ ಹೊತ್ತಿಗೆ ಮೆಷಿನ್ ಧಡಧಡ ಎಂದು ನಡೆಯಲು ಶುರು ಮಾಡುತ್ತದೆ. ಜೊತೆಗೆ ಎರಡು ಮೂರು ಬಟ್ಟೆ ಸೇರಿಸಿ.

ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಕುಣಿದರೆ ಹಿಂಬದಿ ನೋಡಿ. ಸಾಗಾಟಕ್ಕೆಂದು ಹಾಕಿದ ಉದ್ದ ಬೋಲ್ಟ್‌ಗಳು ಅಲ್ಲೇ ಇರಬಹುದು. ಅವನ್ನು ತೆಗೆಯದೆ ಓಡಿಸಲೇಬಾರದು. ಬಚ್ಚಲಿನ ನೆಲ ಇಳಿಜಾರಾಗಿರುತ್ತದೆ, ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿ. ಒಂದು ಲೋಟ ನೀರು ಮೇಲಿಟ್ಟರೆ ಮಟ್ಟ ಗೊತ್ತಾಗುತ್ತದೆ.

ಪುಡಿ: ದೊಡ್ಡ ತಪ್ಪು ಇಲ್ಲೇ

ನೊರೆ ಜಾಸ್ತಿ ಬಂದರೆ ಬಟ್ಟೆ ಜಾಸ್ತಿ ಶುದ್ಧ ಎಂದು ನಮಗೆ ಬಾಲ್ದಿಯಲ್ಲಿ ಒಗೆದ ಕಾಲದಿಂದ ತಲೆಯಲ್ಲಿ ಕೂತಿದೆ. ಮೆಷಿನ್‌ನಲ್ಲಿ ಇದು ತಿರುಗುಮುರುಗು. ನೊರೆ ಮೆತ್ತೆಯ ಹಾಗೆ ನಡುವೆ ನಿಂತು ಬಟ್ಟೆ ಬೀಳುವ ಪೆಟ್ಟನ್ನು ತಡೆಯುತ್ತದೆ. ಜಾಲಿಸಿದಾಗ ಪೂರ್ತಿ ಹೋಗುವುದಿಲ್ಲ. ಉಳಿದ ಪುಡಿ, ಮೈಯ ಎಣ್ಣೆ, ಕೊಳೆ ಎಲ್ಲ ಸೇರಿ ಡ್ರಮ್‌ನ ಹಿಂದೆ, ನಮ್ಮ ಕಣ್ಣಿಗೆ ಬೀಳದ ಕಡೆ ಲೋಳೆಯಾಗಿ ಅಂಟುತ್ತದೆ. ಆ ಲೋಳೆಯೇ ಸೂಕ್ಷ್ಮಾಣುಗಳಿಗೆ ಊಟ. ಬಟ್ಟೆಗೆ ಹತ್ತುವ ನಾತ ಅಲ್ಲಿಂದ ಬರುವುದು.

ನಮ್ಮ ಕರಾವಳಿಯವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಇಲ್ಲಿನ ತೆರೆದ ಬಾವಿ ನೀರು, ಹೊಳೆಯಿಂದ ಬರುವ ನಲ್ಲಿ ನೀರು ಸಾಮಾನ್ಯವಾಗಿ ಮೆದು. ಮಂಗಳೂರಿಗೆ ತುಂಬೆಯಿಂದ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಸ್ವರ್ಣಾ ನೀರು. ಸಾಬೂನು ಮುಟ್ಟಿಸಿದರೆ ಸಾಕು, ನೊರೆ ಏಳುತ್ತದೆ. ಬೆಂಗಳೂರಿನ ಬೋರ್‌ವೆಲ್‌ನ ಗಡಸು ನೀರಿಗೆ ಬೇಕಾಗುವಷ್ಟು ಪುಡಿ ಇಲ್ಲಿ ಬೇಡವೇ ಬೇಡ. ಅಲ್ಲಿಂದ ಬಂದ ಅಕ್ಕನೋ ನಾದಿನಿಯೋ ಹೇಳಿದ ಅಳತೆ ನಮ್ಮಲ್ಲಿ ನಡೆಯುವುದಿಲ್ಲ.

ಅಳತೆ ಹೀಗೆ ಹಿಡಿಯಿರಿ:

1. ಮೆಷಿನ್‌ಗೆಂದೇ ಬರುವ, ನೊರೆ ಕಡಿಮೆ ಇರುವ ಪುಡಿ ಅಥವಾ ಲಿಕ್ವಿಡ್ ತನ್ನಿ. ಫ್ರಂಟ್ ಲೋಡ್, ಟಾಪ್ ಲೋಡ್ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಕೈಯಲ್ಲಿ ಒಗೆಯುವ ಪುಡಿ ಫ್ರಂಟ್ ಲೋಡ್‌ಗೆ ಹಾಕಬೇಡಿ.

2. ಪ್ಯಾಕೆಟ್‌ನಲ್ಲಿ ಹೇಳಿದ್ದರ ಅರ್ಧದಿಂದ ಶುರು ಮಾಡಿ. ಕೊಳೆ ಬಿಡದಿದ್ದರೆ ಮಾತ್ರ ಸ್ವಲ್ಪ ಸ್ವಲ್ಪ ಏರಿಸಿ.

3. ಪುಡಿ ಯಾವ ಖಾನೆಗೆ ಹಾಕುತ್ತಿದ್ದೀರಿ ನೋಡಿ. ಫ್ರಂಟ್ ಲೋಡ್‌ನ ಡ್ರಾಯರ್‌ನಲ್ಲಿ ಸಾಮಾನ್ಯವಾಗಿ ಮೂರು ಖಾನೆ. ಒಂದು ಗೆರೆ ಇರುವುದು ಪ್ರೀ ವಾಶ್‌ಗೆ, ಎರಡು ಗೆರೆಯದ್ದು ಮುಖ್ಯ ಒಗೆತಕ್ಕೆ, ಹೂವಿನ ಚಿತ್ರದ್ದು ಸಾಫ್ಟ್‌ನರ್‌ಗೆ. ಪ್ರೀ ವಾಶ್ ಒತ್ತದೆ ಅದರ ಖಾನೆಗೆ ಪುಡಿ ಹಾಕಿದರೆ ಬಟ್ಟೆ ಬರೀ ನೀರಿನಲ್ಲಿ ಸುತ್ತಿ ಬರುತ್ತದೆ. ನನ್ನ ಪರಿಚಯದ ಒಬ್ಬರು ಒಂದು ವರ್ಷ ಹೀಗೇ ಒಗೆದಿದ್ದರು.

4. ಟವೆಲ್, ಬೈರಾಸಿಗೆ ಸಾಫ್ಟ್‌ನರ್ ಬೇಡ. ಅದು ನೂಲಿಗೆ ಎಣ್ಣೆಯ ಹಾಗೆ ಲೇಪವಾಗುತ್ತದೆ, ಮೈ ಒರೆಸಿದರೆ ನೀರೇ ಹೀರುವುದಿಲ್ಲ.

ಇಷ್ಟು ದಿನ ಜಾಸ್ತಿ ಹಾಕಿದ್ದೀರಾ ಇಲ್ಲವಾ ತಿಳಿಯಲು ಒಂದು ಸುಲಭ ಪರೀಕ್ಷೆ ಉಂಟು. ಒಗೆದು ಒಣಗಿದ ನಾಲ್ಕು ಟವೆಲ್ ಹಾಕಿ, ಪುಡಿ ಇಲ್ಲದೆ ರಿನ್ಸ್ ಮಾತ್ರ ಓಡಿಸಿ. ಗಾಜಿನ ಬಾಗಿಲ ಹಿಂದೆ ನೊರೆ ಕಂಡರೆ ಅದು ಹಳೆ ಪುಡಿ. ನನ್ನ ಟವೆಲ್‌ಗಳಿಂದ ಮೂರು ರಿನ್ಸ್ ಆದರೂ ನೊರೆ ಬರುತ್ತಲೇ ಇತ್ತು.

ಕೆಂಪು ನೀರಿನ ಮನೆಯವರಿಗೆ

ಮುರಕಲ್ಲಿನ ನಾಡು ನಮ್ಮದು. ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸೇದಿದಾಗ ನೀರು ತಿಳಿ. ಗಾಳಿಗೆ ತೆರೆದಿಟ್ಟರೆ ಹಳದಿ, ಆಮೇಲೆ ಕೆಂಪು. ಬಿಳಿ ಬಾಲ್ದಿಯಲ್ಲಿ ರಾತ್ರಿ ತುಂಬಿಸಿಟ್ಟು ಬೆಳಿಗ್ಗೆ ನೋಡಿ, ತಳದಲ್ಲಿ ಕೆಂಪು ಕೂತಿದ್ದರೆ ಅದೇ.

ಇಂಥ ನೀರಲ್ಲಿ ಒಗೆದ ಪಂಚೆ ಹಳದಿಯಾಗುತ್ತದೆ. ಆಗ ನಾವು ಮಾಡುವ ಮೊದಲ ಕೆಲಸ ಬ್ಲೀಚ್ ಹಾಕುವುದು. ಅದೇ ತಪ್ಪು. ಕ್ಲೋರಿನ್ ಬ್ಲೀಚ್ ನೀರಲ್ಲಿ ಕರಗಿದ್ದ ಕಬ್ಬಿಣವನ್ನು ಕೂಡಲೇ ತುಕ್ಕಾಗಿಸಿ ಬಟ್ಟೆಯ ಮೇಲೇ ಕೂರಿಸುತ್ತದೆ. ಹಳದಿ ಇದ್ದದ್ದು ಕಂದು ಆಗುತ್ತದೆ.

ತುಕ್ಕಿನ ಕಲೆಗೆ ಹುಳಿ ಬೇಕು. ಕಲೆಯ ಮೇಲೆ ಲಿಂಬೆ ರಸ, ಸ್ವಲ್ಪ ಉಪ್ಪು ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ನೀರಲ್ಲಿ ಚೆನ್ನಾಗಿ ಜಾಲಿಸಿ, ಬ್ಲೀಚ್ ಇಲ್ಲದ ಪುಡಿಯಲ್ಲಿ ಒಗೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಒಂದು ಮಾತು ಮರೆಯಬೇಡಿ: ಲಿಂಬೆ, ವಿನೆಗರ್ ಥರದ ಯಾವ ಹುಳಿಯನ್ನೂ ಬ್ಲೀಚ್ ಜೊತೆ ಸೇರಿಸಬಾರದು. ವಿಷದ ಗಾಳಿ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ನಲ್ಲಿಯಿಂದ ಮೆಷಿನ್‌ಗೆ ಬರುವ ಪೈಪ್‌ನ ತುದಿಯಲ್ಲಿ ಒಂದು ಚಿಕ್ಕ ಜಾಲರಿ ಇರುತ್ತದೆ. ಕೆಂಪು ಕೆಸರು ಮೊದಲು ಕಟ್ಟುವುದು ಅಲ್ಲಿ. ನೀರು ಬರುವುದು ನಿಧಾನವಾದರೆ ನಲ್ಲಿ ಮುಚ್ಚಿ, ಪೈಪ್ ಬಿಚ್ಚಿ, ಜಾಲರಿಯನ್ನು ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಜಾಲರಿ ಶುಚಿ ಇದ್ದೂ ನೀರು ಸಾಲದಿದ್ದರೆ ಟ್ಯಾಂಕ್‌ನ ಎತ್ತರ ನೋಡಿ. 10 ಮೀಟರ್ ಎತ್ತರದಿಂದ ಬಿದ್ದರೆ ನೀರಿಗೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಮೆಷಿನ್‌ಗಿಂತ 2 ಮೀಟರ್ ಮಾತ್ರ ಮೇಲಿದ್ದರೆ 0.2 ಬಾರ್. ನಿಮ್ಮ ಮೆಷಿನ್‌ಗೆ ಎಷ್ಟು ಬೇಕು ಎಂದು ಮ್ಯಾನುವಲ್‌ನಲ್ಲಿ ಇರುತ್ತದೆ.

ರೈನ್‌ಕೋಟ್ ಹಾಕಲೇಬೇಡಿ

ಜೂನ್ ಬಂದ ಕೂಡಲೇ ಶಾಲೆಯ ಮಕ್ಕಳ ಕೆಸರಾದ ರೈನ್‌ಕೋಟ್ ಮೆಷಿನ್‌ಗೆ ಹೋಗುತ್ತದೆ. ನೀರು ದಾಟದ ಬಟ್ಟೆ ಅದು. ಸ್ಪಿನ್‌ನಲ್ಲಿ ಅದರ ಮಡಿಕೆಯೊಳಗೆ ನೀರು ಚೀಲದ ಹಾಗೆ ತುಂಬಿ ನಿಲ್ಲುತ್ತದೆ. ಡ್ರಮ್ ಜೋರಾಗಿ ಸುತ್ತುವಾಗ ಆ ಭಾರ ಒಂದೇ ಬದಿಗೆ ಎಳೆದರೆ ಮೆಷಿನ್ ಒಡೆಯಲೂಬಹುದು. ಹಾಸಿಗೆಯ ವಾಟರ್‌ಪ್ರೂಫ್ ಹೊದಿಕೆಗೂ ಇದೇ ಮಾತು. ಅಂಗಳದಲ್ಲಿ ಹರಡಿ, ಬ್ರಷ್ ಹಾಕಿ, ಪೈಪ್ ಬಿಟ್ಟರೆ ಮುಗಿಯಿತು.

ಒಗೆದು ಆದ ಮೇಲೆ

ಸಂಜೆ ತೆಗೆದರಾಯಿತು ಎಂದು ಬೆಳಿಗ್ಗೆ ಒಗೆದದ್ದನ್ನು ಒಳಗೇ ಬಿಡುವುದು ಮಳೆಗಾಲದಲ್ಲಿ ಮುಗ್ಗುಲನ್ನು ಕೈಯಾರೆ ಕರೆದ ಹಾಗೆ. ಮುಗಿದ ಅರ್ಧ ಗಂಟೆಯೊಳಗೆ ತೆಗೆದು ಕೊಡವಿ ಹರವಿ. ನಡುವೆ ಗಾಳಿ ಆಡಲು ಜಾಗ ಬಿಡಿ, ಫ್ಯಾನ್ ಹಾಕಿ. ದಪ್ಪ ಕಾಟನ್‌ಗೆ ಸ್ಪಿನ್ ವೇಗ ಏರಿಸಿ. ನಿಮಿಷಕ್ಕೆ 1200 ಸುತ್ತಿನಲ್ಲಿ ಹಿಂಡಿದ ಟವೆಲ್ 800ರಲ್ಲಿ ಹಿಂಡಿದ್ದಕ್ಕಿಂತ ಬೇಗ ಒಣಗುತ್ತದೆ. ರೇಷ್ಮೆ, ತೆಳು ಸೀರೆಗೆ ಈ ವೇಗ ಬೇಡ.

ಬಟ್ಟೆ ತೆಗೆದ ಮೇಲೆ ಬಾಗಿಲು ಮುಚ್ಚಬೇಡಿ. ರಬ್ಬರ್ ಮಡಿಕೆಯನ್ನು ಒಣ ಬಟ್ಟೆಯಿಂದ ಒರೆಸಿ, ಬಾಗಿಲು, ಪುಡಿಯ ಡ್ರಾಯರ್ ಎರಡನ್ನೂ ಸ್ವಲ್ಪ ತೆರೆದಿಡಿ. ಮನೆಯಲ್ಲಿ ಚಿಕ್ಕ ಮಕ್ಕಳು, ಬೆಕ್ಕು ಇದ್ದರೆ ಅವರ ಮೇಲೆ ಕಣ್ಣಿಡಿ. ಬೆಕ್ಕಿಗೆ ಆ ಡ್ರಮ್ ಅಂದರೆ ಬಹಳ ಇಷ್ಟ, ಹಾಗಾಗಿ ಶುರು ಮಾಡುವ ಮುಂಚೆ ಒಳಗೆ ಒಮ್ಮೆ ನೋಡಿ.

ತಿಂಗಳಿಗೊಮ್ಮೆ ಖಾಲಿ ಡ್ರಮ್ ಅನ್ನು ಟಬ್ ಕ್ಲೀನ್‌ನಲ್ಲಿ ಓಡಿಸಿ. ಅದಿಲ್ಲದಿದ್ದರೆ ಇರುವುದರಲ್ಲಿ ಅತಿ ಬಿಸಿಯ ಕಾಟನ್ ಪ್ರೋಗ್ರಾಮ್. ಹೀಟರ್ ಇಲ್ಲದ ಟಾಪ್ ಲೋಡ್ ಆದರೆ ಬಚ್ಚಲ ಹಂಡೆಯ ಬಿಸಿ ನೀರು ಎರಡು ಬಾಲ್ದಿ ಸುರಿಯಬಹುದು. ಕೈಗೆ ತಾಳುವಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡ. ವರ್ಷವಿಡೀ ತಣ್ಣೀರಲ್ಲೇ ಒಗೆಯುವವರು ಬೈರಾಸು, ಬೆಡ್‌ಶೀಟನ್ನಾದರೂ ಆಗಾಗ 60 ಡಿಗ್ರಿಯಲ್ಲಿ ಒಗೆಯಿರಿ. ನನ್ನ ಬೈರಾಸಿನ ನಾತ ಕೊನೆಗೂ ಹೋದದ್ದು ಹೀಗೆ.

ಫಿಲ್ಟರ್ ತೆಗೆಯುವುದು

ಫ್ರಂಟ್ ಲೋಡ್‌ನ ಕೆಳಗೆ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಮೂರು ವರ್ಷ ಅದನ್ನು ನಾನು ಬರೀ ಅಲಂಕಾರ ಅಂದುಕೊಂಡಿದ್ದೆ.

1. ಪ್ಲಗ್ ತೆಗೆಯಿರಿ. ಬಿಸಿ ನೀರಲ್ಲಿ ಒಗೆದಿದ್ದರೆ ತಣಿಯಲು ಬಿಡಿ.

2. ನೆಲಕ್ಕೆ ಹಳೆ ಬಟ್ಟೆ ಹಾಸಿ, ಅಗಲ ತಟ್ಟೆ ಇಡಿ. ಮುಚ್ಚಳ ತೆರೆಯಿರಿ. ಚಿಕ್ಕ ಪೈಪ್ ಇದ್ದರೆ ಅದರ ಬಿರಡೆ ತೆಗೆದು ನೀರು ಇಳಿಸಿ.

3. ಫಿಲ್ಟರನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ. ನೀರು ಜೋರಾಗಿ ಬಂದರೆ ಮತ್ತೆ ಬಿಗಿ ಮಾಡಿ, ತಟ್ಟೆ ಚೆಲ್ಲಿ, ಮುಂದುವರಿಸಿ.

4. ಕೂದಲು, ನೂಲು ತೆಗೆದು ನಲ್ಲಿಯ ಕೆಳಗೆ ಉಜ್ಜಿ. ಅದು ಕೂರುವ ಗುಂಡಿಯೊಳಗೂ ಟಾರ್ಚ್ ಹಾಕಿ ನೋಡಿ. ಪಿನ್ನುಗಳು ಅಲ್ಲಿ ಅಡಗಿರುತ್ತವೆ.

5. ಬಿಗಿಯಾಗಿ ಹಾಕಿ. ಓರೆಯಾಗಿ ಕೂತರೆ ಮುಂದಿನ ಒಗೆತಕ್ಕೆ ಬಚ್ಚಲೆಲ್ಲ ನೀರು.

ಟಾಪ್ ಲೋಡ್‌ನಲ್ಲಿ ಒಳಗೋಡೆಗೆ ಸಿಕ್ಕಿಸಿದ ನೂಲಿನ ಚೀಲ ಇರುತ್ತದೆ. ಅದನ್ನು ಪ್ರತಿ ಎರಡು ಮೂರು ಒಗೆತಕ್ಕೊಮ್ಮೆ ಮಗುಚಿ ತೊಳೆದರೆ ಸಾಕು.

ಪ್ಲಗ್, ಶಾಕ್, ಸಿಡಿಲು

ಹೀಟರ್ ಇರುವ ಮೆಷಿನ್ 2000 ವಾಟ್ ಎಳೆದರೆ 230 ವೋಲ್ಟ್‌ಗೆ ಹೆಚ್ಚುಕಮ್ಮಿ 9 ಆಂಪ್ ಆಗುತ್ತದೆ. 6 ಆಂಪ್‌ನ ಸಾದಾ ಪ್ಲಗ್ ಪಾಯಿಂಟ್, ಎಕ್ಸ್‌ಟೆನ್ಶನ್ ಬೋರ್ಡ್ ಇದನ್ನು ತಾಳುವುದಿಲ್ಲ. 16 ಆಂಪ್‌ನದ್ದೇ ಬೇಕು. ಒದ್ದೆ ಕಾಲಲ್ಲಿ ಮೆಷಿನ್ ಮುಟ್ಟಿದಾಗ ಜುಮ್ ಎಂದರೆ “ಸ್ವಲ್ಪ ಹೊಡೀತದೆ, ಪರವಾಗಿಲ್ಲ” ಅನ್ನಬೇಡಿ. ಅವತ್ತೇ ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್‌ಗೆ ಅರ್ತಿಂಗ್ ತೋರಿಸಿ.

ಹಿಂಬದಿಯ ಜಗಲಿಯಲ್ಲಿ ಎರಚಲು ಬೀಳುವ ಕಡೆ ಮೆಷಿನ್ ಇಟ್ಟರೆ ನಮ್ಮ ಉಪ್ಪು ಗಾಳಿಗೆ ತಳ ಬೇಗ ತುಕ್ಕು ಹಿಡಿಯುತ್ತದೆ. ಸ್ಟ್ಯಾಂಡ್ ಮೇಲಿಟ್ಟು, ಟಾಪ್ ಲೋಡ್ ಆದರೆ ಕೆಳಗೆ ಇಲಿ ಜಾಲರಿ ಹಾಕಿಸಿ. ವೈರ್ ಕಡಿದ ಇಲಿಗೆ ವಾರಂಟಿ ಇಲ್ಲ. ಮಳೆ ಶುರುವಾಗುವ ಮುಂಚಿನ ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಗುಡುಗು ಕೇಳುವ ಮೊದಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಬಟ್ಟೆ ಅರ್ಧ ಒಗೆದಿದ್ದರೂ ಇರಲಿ, ಸಿಡಿಲು ದೂರ ಹೋದ ಮೇಲೆ ರಿನ್ಸ್‌ನಿಂದ ಮತ್ತೆ ಶುರು ಮಾಡಬಹುದು.